ಪುಸ್ತಕದಲ್ಲಿಲ್ಲದ ಎಳೆ

ನಮ್ಮ ಅತ್ತೆ ಮೂವತ್ತೊಂದು ವರ್ಷ ಬತ್ತಿ ಇಟ್ಟಳು. ನಗುವುದಾದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರುವುದಿಲ್ಲ. ಎರಡನೇ ಕ್ಲಾಸಿನಲ್ಲಿ ಟೀಚರು, "ನಿಮ್ಮ ಮನೇಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರೆ?" ಅಂತ ಕೇಳಿದಾಗ ನಾನು ಎದ್ದು ನಿಂತು ಗಂಟಲು ಬಿಟ್ಟು, "ಅಪ್ಪ ಪ್ರೆಸ್ಸಲ್ಲಿ ಅಕ್ಷರ ಜೋಡಿಸ್ತಾರೆ, ಅಮ್ಮ ಅಡುಗೆ ಮಾಡ್ತಾಳೆ, ಅತ್ತೆ ಎಲ್ಲರಿಗೂ ಬತ್ತಿ ಇಡ್ತಾಳೆ" ಅಂದಿದ್ದೆ. ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊತೆಗಿದ್ದುಕೊಂಡೇ ಕೆಡಿಸುವವರನ್ನೂ ಜನ ಹಾಗೇ ಅನ್ನುತ್ತಾರೆ ಅಂತ ನನಗೆ ಆಗ ಎಲ್ಲಿ ಗೊತ್ತು? ಮನೆಗೆ ಬಂದು ಹೇಳಿದಾಗ ಅತ್ತೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ನಮ್ಮ ಬೀದಿಗೆಲ್ಲ ಅವಳು ಬತ್ತಿ ಅತ್ತೆ.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿ ಹನ್ನೊಂದು ತಿಂಗಳಿಗೆ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ತಮ್ಮನ ಮನೆಗೆ ವಾಪಸು ಬಂದವಳು. ಯಾಕೆ ಬಂದಳು ಅಂತ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವಳನ್ನೇ ಕೇಳಿದರೆ, "ಅಲ್ಲಿ ಗಾಳಿ ಜಾಸ್ತಿ ಕಣೆ, ಉರಿಯೋಕೆ ಆಗ್ತಿರಲಿಲ್ಲ" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಕೆದಕಿದರೆ ಕೈಗೊಂದು ಕೆಲಸ ಕೊಟ್ಟು ಕೂರಿಸಿಬಿಡುತ್ತಿದ್ದಳು.

ಹಿಂದಿನ ಕೋಣೆ ಅವಳದು. ಅವಳು ಬರುವ ಮೊದಲು ಅಲ್ಲಿ ಕಾಲು ಮುರಿದ ಕುರ್ಚಿಗಳೂ ಒಂದು ಹಳೇ ಮಂಚವೂ ಬಿದ್ದಿದ್ದವಂತೆ. ಅದನ್ನೆಲ್ಲ ಹೊರಗೆ ಹಾಕಿ, ಗುಡಿಸಿ, ಸ್ಟವ್ ಇಟ್ಟು, ನೀರು ಕುದಿಯುವ ದೊಡ್ಡ ಪಾತ್ರೆಯೊಳಗೆ ಮೇಣದ ಸಣ್ಣ ಪಾತ್ರೆ ಇಳಿಸಿ ಅವಳು ಕೆಲಸ ಶುರುಮಾಡಿದಳು. ಗೋಡೆಯುದ್ದಕ್ಕೂ ತಗಡಿನ ಅಚ್ಚುಗಳು, ಹಿಡಿ ಹೋದ ಕಪ್ಪುಗಳು, ಕಿಟಕಿಯ ಸರಳಿಗೆ ಕಟ್ಟಿದ ನೂಲು. ನೆಲದ ಮೇಲೆ ತೊಟ್ಟಿಕ್ಕಿದ ಮೇಣವನ್ನು ಎಷ್ಟು ಕೆರೆದರೂ ಆ ಕೋಣೆಯಲ್ಲಿ ಎಚ್ಚರ ತಪ್ಪಿದರೆ ಕಾಲು ಜಾರುತ್ತಿತ್ತು. ಅಪ್ಪ ಮೂರು ಸಲ ಬಿದ್ದಿದ್ದಾನೆ.

ಮೇಣ ಕರಗಿಸುವುದು ಅವಳ ಪಾಲಿಗೆ ಕೆಲಸವೇ ಅಲ್ಲ. "ಬೆಂಕಿ ಇದ್ರೆ ಮೇಣ ಕರಗುತ್ತೆ, ಅದರಲ್ಲಿ ನಿಂದೇನು ಹೆಚ್ಚುಗಾರಿಕೆ? ಬತ್ತಿ ಆರಿಸೋಕೆ ತಲೆ ಬೇಕು" ಅನ್ನುವಳು. ಬತ್ತಿ ಸಣ್ಣದಾದರೆ ಸುತ್ತಲಿನ ಮೇಣ ಹಾಗೇ ಗೋಡೆಯಂತೆ ನಿಂತು ನಡುವೆ ಬಾವಿ ತೋಡುತ್ತದೆ, ಕೊನೆಗೆ ತನ್ನದೇ ಕರಗಿದ ಮೇಣದಲ್ಲಿ ಮುಳುಗುತ್ತದೆ. ದಪ್ಪವಾದರೆ ಹೊಗೆ ಉಗುಳಿ, ತುದಿಗೆ ಕರಿಯ ಗಂಟು ಕಟ್ಟಿಕೊಂಡು, ಗಾಜಿಗೆಲ್ಲ ಮಸಿ ಬಳಿಯುತ್ತದೆ. ಅಚ್ಚಿನ ಬಾಯಿ ಎಷ್ಟು ಅಗಲ, ಮೇಣ ಮೆತ್ತಗಿನದೋ ಗಟ್ಟಿಯೋ, ಬಣ್ಣ ಹಾಕಿದೆಯೋ ಇಲ್ಲವೋ, ಎಲ್ಲ ನೋಡಿ ಎಳೆ ಲೆಕ್ಕ ಹಾಕಬೇಕು. "ಆರಿಸೋದು ಅನ್ನೋ ಮಾತಿಗೆ ಎರಡು ಅರ್ಥ ಸುಮ್ಮನೆ ಬಂದಿಲ್ಲ. ನೀನು ಸರಿಯಾಗಿ ಆರಿಸದಿದ್ರೆ ಅದೇ ಆರಿಹೋಗುತ್ತೆ" ಅಂತ ತನ್ನ ಮಾತಿಗೆ ತಾನೇ ತಲೆದೂಗುವಳು.

ಹೊಸ ಅಚ್ಚು ಬಂದರೆ ಮೂರು ಬತ್ತಿ ಮಾಡುವಳು, ಒಂದಕ್ಕಿಂತ ಒಂದು ಮೂರು ಎಳೆ ಹೆಚ್ಚು. ಮಧ್ಯಾಹ್ನದ ಊಟ ಮುಗಿಸಿ, ಮೂರನ್ನೂ ಒಟ್ಟಿಗೆ ಹಚ್ಚಿ ಎದುರಿಗೆ ಕೂತರೆ ಬಿಸಿಲು ಇಳಿಯುವವರೆಗೂ ಏಳುತ್ತಿರಲಿಲ್ಲ. "ಮೊದಲ ಹತ್ತು ನಿಮಿಷ ಎಲ್ಲ ಬತ್ತೀನೂ ಚೆನ್ನಾಗೇ ಉರಿಯುತ್ತೆ, ಹೊಸ ಸೊಸೆ ಥರ" ಅಂತ ಅಡುಗೆಮನೆಯ ಕಡೆ ನೋಡಿಕೊಂಡು ಹೇಳುವಳು. ಅಮ್ಮ ಒಳಗಿನಿಂದ ಪಾತ್ರೆ ಕುಕ್ಕುವಳು. ಗೆದ್ದ ಬತ್ತಿಯ ಲೆಕ್ಕ ಒಂದು ನೀಲಿ ರಟ್ಟಿನ ಪುಸ್ತಕಕ್ಕೆ ಹೋಗುತ್ತಿತ್ತು: ಉದ್ದ ಅಚ್ಚು, ಎರಡು ಬೆರಳು, ಒಂಬತ್ತು ಎಳೆ; ಟೀ ಕಪ್ಪು, ಮೂರು ಬೆರಳು, ಹನ್ನೆರಡು ಎಳೆ. ಬೆರಳು ಅಂದರೆ ಅವಳ ಬೆರಳು.

ಇನ್ನು ತಾಯಿ ಎಳೆ. ಇದನ್ನು ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಹತ್ತಿಯ ಎಳೆಗಳನ್ನು ಮೂರು ಪಾಲು ಮಾಡಿ ಜಡೆ ಹೆಣೆಯುವ ಮೊದಲು ನಡುವೆ ಒಂದು ಬಿಗಿ ಹುರಿಯ ದಪ್ಪ ದಾರ ಇಡುತ್ತಿದ್ದಳು. ಅದರ ಸುತ್ತ ಜಡೆ. ಆಮೇಲೆ ಉಪ್ಪು, ಬಿಳಿಗಾರ ಕಲಸಿದ ನೀರಿನಲ್ಲಿ ನೆನೆಸಿ, ಒಣಗಿಸಿ, ಮೇಣದಲ್ಲಿ ಅದ್ದಿ ನೇರ ಮಾಡಿದರೆ ಒಳಗೆ ಅಂಥದೊಂದು ದಾರ ಇದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ. ಮೇಣ ಕರಗಿ ಕೊಳವಾದಾಗ ಬತ್ತಿ ಸೊಂಟ ಮುರಿದುಕೊಂಡು ಬೀಳದಂತೆ ಎತ್ತಿ ಹಿಡಿಯುವುದು ಅದೇ. ಆದರೆ ಪುಸ್ತಕದಲ್ಲಿ ಅದನ್ನು ಬರೆಯುತ್ತಿರಲಿಲ್ಲ, ಎಳೆಯ ಲೆಕ್ಕದಲ್ಲೂ ಸೇರಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ದಾರದ ತುದಿ ಹಿಡಿದುಕೊಂಡು ಕೂತವಳು ನಾನೇ ಆದ್ದರಿಂದ ಕೇಳಿದ್ದೆ. "ಎಲ್ಲದರಲ್ಲೂ ಇರೋದನ್ನ ಬರೆಯೋದೇನು? ಸಾರಿಗೆ ನೀರು ಹಾಕಬೇಕು ಅಂತ ಯಾರಾದ್ರೂ ಬರ್ಕೋತಾರಾ?" ಅಂದಿದ್ದಳು.

ಅಮ್ಮ ಈ ಕೆಲಸಕ್ಕೆ ಕೈ ಹಾಕಿದ್ದು ಬಹಳ ತಡವಾಗಿ, ನಾನು ಕಾಲೇಜು ಮುಗಿಸುವ ಹೊತ್ತಿಗೆ. ಸುಳ್ಳು ಹೇಳಬಾರದು, ಅಮ್ಮನಿಗೆ ಬಣ್ಣದ ಕಣ್ಣಿತ್ತು, ಮಾತು ಬರುತ್ತಿತ್ತು. ಅತ್ತೆ ಬಿಳೀ ಮೇಣದಬತ್ತಿ ಬಿಟ್ಟು ಬೇರೆ ಮಾಡಿದವಳಲ್ಲ, ಅಂಗಡಿಯವರ ಮುಂದೆ ನಿಂತರೆ ಅವಳ ನಾಲಿಗೆ ಒಣಗುತ್ತಿತ್ತು. ಅಮ್ಮ ಬಣ್ಣ ಹಾಕಿದಳು, ಪರಿಮಳ ಬೆರೆಸಿದಳು, ಪೆಟ್ಟಿಗೆಗೆ ರಿಬ್ಬನ್ ಕಟ್ಟಿದಳು, ನಾಲ್ಕು ಅಂಗಡಿ ಸುತ್ತಿ ಬಂದಳು. ಹೆಣೆದು ಅದ್ದಿಟ್ಟ ಬತ್ತಿಗಳ ಕಟ್ಟು ಅತ್ತೆಯ ಕೈಯಿಂದ ಅಮ್ಮನ ಕೈಗೆ ಬರುತ್ತಿತ್ತು, ಅಮ್ಮ ಅಚ್ಚಿಗೆ ಇಳಿಸಿ ಮೇಣ ಹೊಯ್ಯುತ್ತಿದ್ದಳು. ಇಬ್ಬರೂ ಮಾತಿಗೆ ಮಾತು ಬೆಳೆಸುತ್ತಿದ್ದರು, ಆದರೆ ಕೆಲಸ ನಡೆಯುತ್ತಿತ್ತು.

"ಬತ್ತೀನ ಯಾರು ನೋಡ್ತಾರೆ ಅತ್ತಿಗೆ? ಜನ ಬಣ್ಣ ನೋಡಿ ತಗೋತಾರೆ" ಅನ್ನುವಳು ಅಮ್ಮ.

"ಮೇಣದ ಬತ್ತಿ ಅಂತಾರೆ, ಬತ್ತಿಯ ಮೇಣ ಅಂತ ಯಾರೂ ಅನ್ನಲ್ಲ. ಯಜಮಾನ ಯಾರು ಹೇಳು?" ಅನ್ನುವಳು ಅತ್ತೆ. ವ್ಯಾಕರಣದಲ್ಲಿ ಅವಳನ್ನು ಸೋಲಿಸುವುದು ಅಮ್ಮನಿಂದ ಆಗುತ್ತಿರಲಿಲ್ಲ.

ಎಲ್ಲ ಕೆಟ್ಟದ್ದು ಗಿಫ್ಟ್ ಅಂಗಡಿಯವರು ಮನೆಗೆ ಬಂದ ದಿನ. ಅಗಲ ಬಾಯಿಯ ಗಾಜಿನ ಲೋಟದಲ್ಲಿ ಮಾಡಿಕೊಟ್ಟ ಮಾದರಿ ಅವರಿಗೆ ಬಹಳ ಹಿಡಿಸಿತ್ತು. ಇಡೀ ಸಂಜೆ ಹಚ್ಚಿಟ್ಟರೂ ಗಾಜಿಗೆ ಒಂದು ಚುಕ್ಕೆ ಮಸಿ ಹತ್ತಲಿಲ್ಲವಂತೆ. ಇನ್ನೂರು ಬೇಕು, ಮಾಡುವ ಜಾಗವನ್ನೊಮ್ಮೆ ನೋಡಬೇಕು ಅಂತ ಬಂದರು. ಅಮ್ಮ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಅಚ್ಚು, ಬಣ್ಣ, ಸ್ಟವ್ ಎಲ್ಲ ತೋರಿಸಿದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅತ್ತೆ ಟ್ರೇಯಲ್ಲಿ ಟೀ ತಂದಳು.

"ಇವರು?" ಅಂದರು ಅಂಗಡಿಯವರು.

"ನಮ್ಮತ್ತಿಗೆ. ಮನೇಲೇ ಇರ್ತಾರಲ್ಲ, ಬೇಜಾರು ಕಳೆಯೋಕೆ ಅಂತ ಅದೂ ಇದೂ ಸಹಾಯ ಮಾಡ್ತಾರೆ" ಅಂದಳು ಅಮ್ಮ.

ಅತ್ತೆ ಟ್ರೇ ಕೆಳಗಿಟ್ಟಳು. ಕಪ್ಪು ಒಂದೂ ಅಲುಗಲಿಲ್ಲ. ಅಂಗಡಿಯವರು "ಒಳ್ಳೇದಮ್ಮ" ಅಂದರು, ಅವಳೂ ತಲೆಯಾಡಿಸಿ ಹೊರಗೆ ಹೋದಳು. ಅಮ್ಮ ಕೆಟ್ಟ ಉದ್ದೇಶದಿಂದ ಹೇಳಿದಳೋ ಬಾಯಿಗೆ ಬಂದದ್ದು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲೇ ಇದ್ದ ನಾನು, "ಇಲ್ಲ ಸಾರ್, ಈ ಬತ್ತಿ ಮಾಡಿದ್ದು ಇವರೇ" ಅನ್ನಬಹುದಿತ್ತು. ಆರು ಪದ. ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಕೂತು ಉಗುರಿನ ಸಂದಿಯ ಮೇಣ ತೆಗೆಯುತ್ತಿದ್ದಳು. ಅಮ್ಮ ಬತ್ತಿ ಕೇಳಿದಳು.

"ಬೇಜಾರು ಕಳೀತು ಕಣೆ. ಇನ್ನು ಸಾಕು" ಅಂದಳು ಅತ್ತೆ.

ಅಮ್ಮ ಸಮಾಧಾನ ಮಾಡಿ ನೋಡಿದಳು, ದಬಾಯಿಸಿ ನೋಡಿದಳು. ಅಪ್ಪ ಪೇಪರಿನ ಹಿಂದಿನಿಂದ "ಅಕ್ಕ, ಬಿಡು ಅತ್ಲಾಗೆ" ಅಂದ. ಅತ್ತೆಯದು ಒಂದೇ ಮಾತು: "ಆ ಮನುಷ್ಯನ್ನ ಇನ್ನೊಂದ್ಸಲ ಕರೆಸು. ಇದನ್ನ ಶುರು ಮಾಡಿದ್ದು ಇವರು, ಬತ್ತಿ ಇವರದು ಅಂತ ಅವರ ಮುಂದೆ ಹೇಳು. ಹೇಳಿದ ಕ್ಷಣಾನೇ ಬಂದು ಕೂತ್ಕೋತೀನಿ."

"ಅಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ರಂಪ ಬೇಕಾ ಅತ್ತಿಗೆ?"

"ಸಣ್ಣ ಮಾತಾದ್ರೆ ಹೇಳೋಕೇನು ಕಷ್ಟ?"

ಆ ಮಾತು ಸಿಕ್ಕಿದ್ದರೆ ಅವಳು ಆ ಮನೆಯಲ್ಲಿ ಒಂದು ಕೆಲಸದ ಯಜಮಾನಿ. ಸಿಗದಿದ್ದರೆ, ಹನ್ನೊಂದು ತಿಂಗಳಿಗೆ ವಾಪಸು ಬಂದು ತಮ್ಮನ ಮನೆಯಲ್ಲೇ ಉಳಿದುಬಿಟ್ಟ ಅಕ್ಕ. ಅವಳಿಗದು ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು ಅಂತಲೇ ನನ್ನ ಅನುಮಾನ, ಇಲ್ಲದಿದ್ದರೆ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ.

ನಾಲ್ಕನೇ ದಿನ ಅಮ್ಮ ನನ್ನನ್ನು ಕರೆದಳು. "ಆ ನೀಲಿ ಪುಸ್ತಕದಲ್ಲಿರೋದನ್ನ ಬರ್ಕೊಂಡು ಬಾ. ಅವರ ಕೋಳಿ ಕಾಲಿನ ಅಕ್ಷರ ನನಗೆ ಓದೋಕೆ ಬರಲ್ಲ. ಇವರಿಲ್ಲದಿದ್ರೆ ಬತ್ತಿ ಉರಿಯಲ್ವಾ ನೋಡೇಬಿಡೋಣ." ಆಗ ನಾನೇನು ಚಿಕ್ಕ ಹುಡುಗಿಯಲ್ಲ. ಆಫೀಸಿನಲ್ಲಿ ಟೈಪಿಸ್ಟಾಗಿ ಆರು ವರ್ಷವಾಗಿತ್ತು. ಕೊಟ್ಟದ್ದನ್ನು ಕೊಟ್ಟ ಹಾಗೆ ನಕಲು ಮಾಡುವುದರಲ್ಲಿ ಪಳಗಿದ ಕೈ.

ಅತ್ತೆಯ ಹತ್ತಿರ ಹೋಗಿ ಪುಸ್ತಕ ಕೇಳಿದೆ. ಅವಳು ದಿಂಬಿನ ಕೆಳಗಿನಿಂದ ತೆಗೆದುಕೊಟ್ಟಳು. "ಬರ್ಕೊ. ನಿನಗೆ ಓದೋಕೆ ಬರುತ್ತಲ್ಲ" ಅಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ಬರೆದುಕೊಂಡೆ: ಅಂಗಡಿ ಗಾಜು, ನಾಲ್ಕೂವರೆ ಬೆರಳು, ಹದಿನೆಂಟು ಎಳೆ. ಹದಿನೆಂಟರ ಪಕ್ಕ ಪೆನ್ನು ಒಂದು ಗಳಿಗೆ ನಿಂತಿತು. ತಾಯಿ ಎಳೆ ನನಗೆ ನೆನಪಿತ್ತು. ಮರೆತೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡು ತಿರುಗಿದ್ದೇನೆ. ಮರೆತಿರಲಿಲ್ಲ, ಬರೆಯಲಿಲ್ಲ, ಅಷ್ಟೇ.

ನನ್ನ ಲೆಕ್ಕಾಚಾರ ಹೀಗಿತ್ತು: ತಾಯಿ ಎಳೆ ಇಲ್ಲದ ಬತ್ತಿ ಮುಳುಗುತ್ತದೆ, ಅಮ್ಮ ಕಂಗಾಲಾಗುತ್ತಾಳೆ, ಮುಂದಿನ ಕೋಣೆಗೆ ಹೋಗಿ "ಅತ್ತಿಗೆ, ನೀವೇ ಗತಿ" ಅನ್ನುತ್ತಾಳೆ, ಅತ್ತೆ ಆ ಮಾತನ್ನು ಹೇಳಿಸಿಕೊಳ್ಳುತ್ತಾಳೆ, ಮನೆ ಮೊದಲಿನಂತಾಗುತ್ತದೆ. ಎದುರಿಗೆ ನಿಂತು ಒಂದು ಮಾತಾಡುವ ಯೋಗ್ಯತೆ ಇಲ್ಲದವರಿಗೆ ಇಂಥ ಉಪಾಯಗಳು ಬಹಳ ಹೊಳೆಯುತ್ತವೆ.

ಎರಡು ವಾರ ಅಮ್ಮ ಹೆಣೆದಳು, ನಾನು ತುದಿ ಹಿಡಿದುಕೊಂಡೆ. ಆರು, ಆರು, ಆರು ಎಳೆ. ನಡುವೆ ಏನೂ ಇಲ್ಲ. ಮೊದಲನೆಯದನ್ನು ಹಚ್ಚಿ ನೋಡಿದೆವು. ಚೆನ್ನಾಗಿಯೇ ಉರಿಯಿತು. ಅಮ್ಮ ಹತ್ತು ನಿಮಿಷ ನೋಡಿ ಚಪ್ಪಾಳೆ ತಟ್ಟಿ, "ನೋಡಿದ್ಯಾ? ಬ್ರಹ್ಮವಿದ್ಯೆ ಅಂದ್ಕೊಂಡಿದ್ರು" ಅಂತ ಊದಿ ಆರಿಸಿಬಿಟ್ಟಳು. ಇನ್ನರ್ಧ ಗಂಟೆ ಬಿಡು ಅಮ್ಮ ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಇನ್ನೂರು ಲೋಟ ಅಂಗಡಿಗೆ ಹೋದವು.

ಒಂದು ಬುಧವಾರ ಬೆಳಿಗ್ಗೆ ಪೆಟ್ಟಿಗೆಗಳು ವಾಪಸು ಬಂದು ಮನೆಬಾಗಿಲಿಗೆ ಬಿದ್ದವು. ಅಂಗಡಿಯವರು ಕೂರಲೂ ಇಲ್ಲ. "ಒಂದು ಗಂಟೆ ಆದ್ಮೇಲೆ ಬತ್ತಿ ಬಗ್ಗಿ ಮೇಣದಲ್ಲಿ ಮುಳುಗುತ್ತೆ ಕಣಮ್ಮ. ಹೋದವು ಹೋದ ಹಾಗೇ ವಾಪಸ್ ಬರ್ತಾ ಇವೆ. ಮಾದರಿ ಒಂದು ಕೊಟ್ರಿ, ಮಾಲು ಇನ್ನೊಂದು ಕೊಟ್ರಿ. ಇನ್ನು ನಿಮ್ಮ ಸಹವಾಸ ಬೇಡ" ಅಂದರು.

ಅಮ್ಮ ಅತ್ತೆಯ ಹತ್ತಿರ ಹೋಗಿ ಕೇಳಿಕೊಳ್ಳಲಿಲ್ಲ. ನಡುಮನೆಯಲ್ಲಿ ನಿಂತು, ಬೀದಿಗೆ ಕೇಳುವ ಹಾಗೆ, ಅಪ್ಪನಿಗೆ ಹೇಳಿದಳು: "ನಿಮ್ಮಕ್ಕ ನಮಗೆ ಬತ್ತಿ ಇಟ್ರು! ಬೇಕು ಅಂತಲೇ ಪುಸ್ತಕದಲ್ಲಿ ತಪ್ಪು ಲೆಕ್ಕ ಬರೆದಿಟ್ಟಿದ್ದಾರೆ. ಉಂಡ ಮನೆಗೆ ಬತ್ತಿ ಇಟ್ರು!"

ಕೋಪದಲ್ಲೂ ಬಹುವಚನ ಬಿಡಲಿಲ್ಲ ಅಮ್ಮ. ಎದುರುಮನೆಯ ಟೈಲರ್ ಹೆಂಡತಿ ಕಿಸಕ್ಕನೆ ನಕ್ಕದ್ದು ಕಿಟಕಿಯಿಂದ ಕೇಳಿಸಿತು. ಬತ್ತಿ ಅತ್ತೆ ಬತ್ತಿ ಇಟ್ಟಳು ಅಂದರೆ ಯಾರಿಗೆ ನಗು ಬರುವುದಿಲ್ಲ? ನನ್ನ ಎರಡನೇ ಕ್ಲಾಸಿನ ತಮಾಷೆ ಇಷ್ಟು ವರ್ಷ ಕಾದು ಮನೆಗೆ ಬಂದಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಒಂದು ಪೆಟ್ಟಿಗೆ ಬಿಚ್ಚಿ, ಒಂದು ಲೋಟ ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು.

ಗುರುವಾರ ನಾನು ಎಂದಿನಂತೆ ಆಫೀಸಿಗೆ ಹೋಗಿ ಬಂದೆ. ಶುಕ್ರವಾರ ಅಪ್ಪ ಪೇಪರು ಮಡಿಚಿಟ್ಟು, "ಅಕ್ಕ, ಸ್ವಲ್ಪ ದಿನ ಬೇರೆ ಕಡೆ ಇದ್ರೆ ಇವಳೂ ತಣ್ಣಗಾಗ್ತಾಳೆ" ಅಂದ. ಶನಿವಾರ ಅತ್ತೆ ಅದೇ ತಗಡಿನ ಪೆಟ್ಟಿಗೆ ಹೊರಗೆ ತಂದಳು. ಅದರ ಚಿಲಕ ಯಾವತ್ತೋ ಮುರಿದಿತ್ತು. ಆಟೋ ಹತ್ತುವಾಗ ನನ್ನ ಕೆನ್ನೆ ತಟ್ಟಿ ಹೋದಳು. ಅವಳಿಗೆ ನಿಜ ಗೊತ್ತಿಲ್ಲ, ಪುಣ್ಯ ಅಂದುಕೊಂಡೆ. ಇಂಥ ಹೊತ್ತಿನಲ್ಲೂ ಮನುಷ್ಯನಿಗೆ ಸಮಾಧಾನವಾಗುತ್ತದಲ್ಲ, ಅದಕ್ಕೆ ಏನು ಹೇಳಬೇಕೋ.

ಮೇಣದಬತ್ತಿಯ ಕೆಲಸ ಅಲ್ಲಿಗೆ ನಿಂತಿತು. ಅಮ್ಮ ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದಳು. ಹಿಂದಿನ ಕೋಣೆಗೆ ಮತ್ತೆ ಮುರಿದ ಕುರ್ಚಿಗಳು ಬಂದವು.

ಎರಡು ವರ್ಷ ನಾನು ಅತ್ತೆಯನ್ನು ನೋಡಲು ಹೋಗಲಿಲ್ಲ. ಕೊನೆಗೆ ಹೋದ ತಿಂಗಳು ಒಂದು ಭಾನುವಾರ ಹೋದೆ. ಎರಡು ಬಸ್ಸು ಬದಲಾಯಿಸಿ, ಕೇಳಿಕೊಂಡು ಕೇಳಿಕೊಂಡು, ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಅವಳ ಕೋಣೆ. ಒಂದು ಮಂಚ, ಒಂದು ಕಿಟಕಿ, ನೆಲದ ಮೇಲೆ ಶರಟಿನ ರಾಶಿ. ಅಂಗಡಿಗೆ ಗುಂಡಿ ಹಾಕಿಕೊಡುತ್ತಾಳೆ. ಕನ್ನಡಕ ಬಂದಿತ್ತು, ಕೂದಲು ಹೋಗಿತ್ತು. "ಬಾ, ಆ ಶರಟು ಸರಿಸಿ ಕೂತ್ಕೊ" ಅಂದಳು, ನಿನ್ನೆ ತಾನೆ ನೋಡಿದವಳ ಹಾಗೆ.

ಅವಳ ಪಕ್ಕದಲ್ಲಿ ಒಂದು ಮೇಣದ ಉಂಡೆ ಇತ್ತು, ತಿಳಿ ನೇರಳೆ, ಅಮ್ಮ ಬೆರೆಸಿದ ಬಣ್ಣ. ವಾಪಸು ಬಂದ ಲೋಟದಿಂದ ತೆಗೆದದ್ದು. ನಡುವೆ ಬತ್ತಿ ಇರಲಿಲ್ಲ, ಬತ್ತಿ ಇದ್ದ ತೂತು ಮಾತ್ರ. ಸೂಜಿಗೆ ದಾರ ಪೋಣಿಸಿ ಪ್ರತಿ ಸಲವೂ ದಾರವನ್ನು ಆ ಉಂಡೆಯ ಮೇಲೆ ಎಳೆಯುತ್ತಿದ್ದಳು. ಹಾಗೆ ಮಾಡಿದರೆ ದಾರ ಸಿಕ್ಕಾಗುವುದಿಲ್ಲವಂತೆ. ಮೂವತ್ತೊಂದು ವರ್ಷದ ವಿದ್ಯೆಯಲ್ಲಿ ಉಳಿದದ್ದು ಅಷ್ಟು.

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. "ಅತ್ತೆ, ಅವತ್ತು ತಾಯಿ ಎಳೆ ನನಗೆ ನೆನಪಿತ್ತು. ನಾನೇ ಬರೀಲಿಲ್ಲ" ಅಂದೆ. ಅಷ್ಟು ಹೇಳುವುದರಲ್ಲಿ ಅಳು ಬಂತು.

ಅತ್ತೆ ಗುಂಡಿ ಹಾಕಿ ಮುಗಿಸಿ ದಾರ ಕಡಿದಳು. "ಗೊತ್ತು. ಅವತ್ತೇ ಲೋಟ ಬಿಸಿ ನೀರಲ್ಲಿಟ್ಟು ಬತ್ತಿ ಎಳೆದು ಬಿಚ್ಚಿ ಎಣಿಸಿದೆ. ಹದಿನೆಂಟಿತ್ತು. ನಡುವೆ ಏನೂ ಇರಲಿಲ್ಲ. ನಿಮ್ಮಮ್ಮನಿಗೆ ತಾಯಿ ಎಳೆ ಗೊತ್ತೇ ಇಲ್ಲ. ಗೊತ್ತಿದ್ದೋಳು ನೀನೊಬ್ಳೆ."

"ಮತ್ತೆ ಯಾಕೆ ಅವತ್ತೇ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ. ಬುಧವಾರ ಕಾದೆ, ಗುರುವಾರ ಕಾದೆ. ಶುಕ್ರವಾರ ನಿಮ್ಮಪ್ಪ ಮಾತಾಡುವಾಗ ಬಾಗಿಲ ಹತ್ರ ನಿಂತಿದ್ದೆ ನೀನು, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂದ್ಕೊಂಡೆ. ಶನಿವಾರ ನನ್ನ ಪೆಟ್ಟಿಗೆ ಕಟ್ಟೋಕೆ ಹಗ್ಗ ತಂದುಕೊಟ್ಟೆ."

ಹೌದು, ಹಗ್ಗ ತಂದುಕೊಟ್ಟವಳು ನಾನೇ. ಅದನ್ನು ಮಾತ್ರ ನಿಜವಾಗಿಯೂ ಮರೆತಿದ್ದೆ.

"ನಿಮ್ಮಮ್ಮನಿಗೆ ಹೇಳಿದ್ಯಾ?" ಅತ್ತೆ ಕೇಳಿದಳು.

"ಇಲ್ಲ."

"ಹಾಗಾದ್ರೆ ನನ್ನ ಹತ್ರ ಯಾಕೆ ಬಂದೆ? ನನಗೆ ಗೊತ್ತಿರೋದೇ ಅಲ್ವಾ?" ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಇನ್ನೊಂದು ಶರಟು ತೊಡೆಯ ಮೇಲೆ ಹಾಕಿಕೊಂಡಳು. "ಹೋಗು, ಬಸ್ ತಪ್ಪುತ್ತೆ."

ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡೇ ಬಂದೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಡಬೇಕು. ಮನೆಗೆ ಬಂದರೆ ಹೊಸದಾಗಿ ಬಂದ ಪಕ್ಕದ ಮನೆಯವರು ಕೂತಿದ್ದರು. ಹಿಂದಿನ ಕೋಣೆಯ ನೆಲ ಯಾಕೆ ಹೀಗೆ ಜಾರುತ್ತದೆ ಅಂತ ಕೇಳಿದ್ದರಂತೆ, ಅಮ್ಮ ಕಥೆ ಹೇಳುತ್ತಿದ್ದಳು.

"ಒಳ್ಳೇ ಕೆಲಸ ನಡೀತಿತ್ತು. ನಮ್ಮತ್ತಿಗೆ ಇದ್ರು ನೋಡಿ, ತಪ್ಪು ಲೆಕ್ಕ ಬರೆದಿಟ್ಟು ನಮಗೇ ಬತ್ತಿ ಇಟ್ಟು ಹೋದ್ರು." ಅಷ್ಟರಲ್ಲಿ ನಾನು ಅವಳ ಕಣ್ಣಿಗೆ ಬಿದ್ದೆ. "ಇವಳನ್ನೇ ಕೇಳಿ ಬೇಕಾದ್ರೆ, ಪುಸ್ತಕ ನೋಡಿ ಬರ್ಕೊಂಡೋಳು ಇವಳೇ. ಹೌದಲ್ವೇನೆ?"

ಪಕ್ಕದ ಮನೆಯವರು ನಗುತ್ತಾ ನನ್ನ ಕಡೆ ತಿರುಗಿದರು.

"ಹೂಂ" ಅಂದೆ.